ದಾಂತೆ ಮಹಾಕಾವ್ಯಕ್ಕೆ ಬೊಟ್ಟಿಚೆಲ್ಲಿ ಬರೆದ ಮಸಿಯ ಚಿತ್ರಗಳು



ನಮ್ಮ ಹಿರಿಯರು ‘ಉತ್ತರಿಸುವ ಸ್ಥಳ’ವೆಂದು ಕರೆಯುತ್ತಿದ್ದ ಶುದ್ಧೀಕರಣ ಸ್ಥಳವನ್ನು ಕುರಿತು ಸಾರಕ್ಕಿಯ ಮಕ್ಕಳಿಗೆ ಧರ್ಮೋಪದೇಶ ಹೇಳುವಾಗಲೆಲ್ಲ, “ಸ್ವಾಮಿ, ಅದು ನೋಡಲು ಹೇಗಿರುತ್ತದೆ?” ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಈ ಪ್ರಶ್ನೆಗೆ ಐದು ಶತಮಾನಗಳ ಹಿಂದೆ ಒಬ್ಬ ಚಿತ್ರಕಾರನು ಲೇಖನಿ ಮತ್ತು ಮಸಿಯಿಂದ ಉತ್ತರಿಸಲೆತ್ನಿಸಿದ ವೃತ್ತಾಂತವನ್ನು ಈ ಶತಮಾನೋತ್ಸವದ ಸಂಚಿಕೆಯಲ್ಲಿ ನಿವೇದಿಸಬಯಸುತ್ತೇನೆ.

ಇಟಲಿಯ ಮಹಾಕವಿ ದಾಂತೆ 1321ರಲ್ಲಿ ರವೆನ್ನಾ ನಗರದಲ್ಲಿ ದೈವಾಧೀನನಾದನು. ಅವನ ‘ಡಿವೈನ್ ಕಾಮಿಡಿ’ ನರಕ, ಶುದ್ಧೀಕರಣ ಸ್ಥಳ, ಸ್ವರ್ಗ ಎಂಬ ಮೂರು ಕಾಂಡಗಳಲ್ಲಿ 100 ಸರ್ಗಗಳನ್ನುಳ್ಳ ಕಾವ್ಯ. ಕವಿಯ ಪರಲೋಕ ಯಾತ್ರೆ ನಡೆಯುವುದು 1300ರ ಪವಿತ್ರ ವರ್ಷದ ಪಾಸ್ಖ ಕಾಲದಲ್ಲಿ. ಈ ಕಾವ್ಯಕ್ಕೆ ಫ್ಲಾರೆನ್ಸಿನ ಸಾಂದ್ರೊ ಬೊಟ್ಟಿಚೆಲ್ಲಿಯು ಮೆದಿಚಿ ಮನೆತನದ ಲೊರೆಂಜೊ ದಿ ಪಿಯೆರ್‌ಫ್ರಾಂಚೆಸ್ಕೊಗಾಗಿ, ಸುಮಾರು 1480ರಿಂದ ಮುಂದಿನ ಹದಿನೈದು ಇಪ್ಪತ್ತು ವರ್ಷಗಳ ಅವಧಿಯಲ್ಲಿ, ಚರ್ಮಪತ್ರದ ಮೇಲೆ ಚಿತ್ರಗಳನ್ನು ರಚಿಸಿದನು. ರೋಮಿನ ಸಿಸ್ಟೀನ್ ಪ್ರಾರ್ಥನಾಲಯದ ಗೋಡೆಗಳಿಗೆ 1481–82ರಲ್ಲಿ ಚಿತ್ರ ಬರೆದವರಲ್ಲಿ ಒಬ್ಬನಾದ ಬೊಟ್ಟಿಚೆಲ್ಲಿಯೇ ಇವನು.

ಮೊದಲು ಲೋಹದ ಮೊನೆಯಿಂದ ತೆಳುವಾಗಿ ಗೀಚಿ, ಅದರ ಮೇಲೆ ಮಸಿಯಿಂದ ತಿದ್ದುವುದು ಅವನ ಕ್ರಮ. ಬಣ್ಣ ಕಂಡದ್ದು ಮೂರು ನಾಲ್ಕು ಚಿತ್ರಗಳು ಮಾತ್ರ. ನಮ್ಮ ಮೂಡುಬಿದಿರೆಯ ಧವಲ ಗ್ರಂಥದ ತಾಳೆಗರಿಗಳಲ್ಲಿ ಅಕ್ಷರಗಳ ಪಕ್ಕದಲ್ಲಿಯೇ ಚಿತ್ರವನ್ನು ಸೇರಿಸಿದ್ದಾರೆ. ಇಲ್ಲಿಯಾದರೋ ಹಾಳೆಯ ಒಂದು ಮೈ ಪೂರ್ತಿಯಾಗಿ ಚಿತ್ರಕ್ಕೇ ಮೀಸಲು. ಒಂದು ಸರ್ಗಕ್ಕೆ ಒಂದು ಚಿತ್ರ. ತೆರೆದ ಪುಸ್ತಕದಲ್ಲಿ ಅದರೆದುರಿಗೇ ಆ ಸರ್ಗದ ಪದ್ಯ. ಒಂದೇ ಚಿತ್ರದಲ್ಲಿ ದಾಂತೆ ನಾಲ್ಕಾರು ಸಲ ಕಾಣಿಸಿಕೊಳ್ಳುವುದುಂಟು: ಇಲ್ಲಿ ಹೆದರಿ ನಿಂತಿದ್ದಾನೆ, ಅಲ್ಲಿ ಮಾತನಾಡುತ್ತಿದ್ದಾನೆ, ಮೂಲೆಯಲ್ಲಿ ಮುಂದೆ ಸಾಗಿದ್ದಾನೆ.

ಗುರುಮಠದಲ್ಲಿ ಓದುವಾಗ ಈ ಕಾವ್ಯದ ಹೆಸರು ಪಾಠದ ನಡುವೆ ಬಂದುಹೋಗುತ್ತಿತ್ತು. ಚಿತ್ರಗಳ ಮುದ್ರಿತ ಪ್ರತಿಗಳನ್ನು ಕಂಡದ್ದು ಗುರುಪಟ್ಟವಾಗಿ ಬಹುಕಾಲವಾದ ಮೇಲೆ. ನರಕಕಾಂಡದ 19ನೆಯ ಸರ್ಗದ ಹಾಳೆಯ ಮುಂದೆ ನಾನು ತಡೆದು ನಿಂತೆ. ಬಂಡೆಯ ರಂಧ್ರಗಳಲ್ಲಿ ತಲೆಕೆಳಗಾಗಿ ಹುದುಗಿದವರ ಕಾಲುಗಳು ಮಾತ್ರ ಹೊರಗೆ ಚಾಚಿವೆ, ಅಂಗಾಲುಗಳಲ್ಲಿ ಉರಿ. ಪವಿತ್ರ ಅಧಿಕಾರವನ್ನು ಹಣಕ್ಕೆ ಮಾರಿಕೊಂಡವರಿಗೆ ಕವಿ ವಿಧಿಸಿದ ಶಿಕ್ಷೆಯಿದು. ಅವರಲ್ಲೊಬ್ಬರು 1280ರಲ್ಲಿ ನಿಧನರಾದ ಪೋಪ್ ಮೂರನೆಯ ನಿಕೊಲಾಸರು! ಅವರು ದಾಂತೆಯನ್ನು, ಆಗಿನ್ನೂ ಬದುಕಿದ್ದು ಅದೇ ಪವಿತ್ರ ವರ್ಷವನ್ನು ಸಾರಿದ್ದ ಎಂಟನೆಯ ಬೊನಿಫಾಸರೆಂದು ಭ್ರಮಿಸಿ, ಇಷ್ಟು ಬೇಗ ಬಂದೆಯಾ ಎಂದು ಕೇಳುತ್ತಾರೆ. ಗುರುಪೀಠದಲ್ಲಿ ನಿಲ್ಲುವ ನನ್ನಂಥವನಿಗೆ ಇದು ಸುಲಭವಾಗಿ ಜೀರ್ಣವಾಗುವ ಚಿತ್ರವಲ್ಲ.

ಆದರೂ ಧರ್ಮಸಭೆಯು ಈ ಕಾವ್ಯವನ್ನು ತಳ್ಳಿಬಿಡಲಿಲ್ಲ. ದಾಂತೆಯ ರಾಜನೀತಿಯ ಗ್ರಂಥವಾದ ‘ಮೊನಾರ್ಕಿಯಾ’ 16ನೆಯ ಶತಮಾನದಲ್ಲಿ ನಿಷೇಧಿತ ಗ್ರಂಥಗಳ ಪಟ್ಟಿಗೆ ಸೇರಿದ್ದು ನಿಜ. ಆದರೆ 1921ರಲ್ಲಿ ಪೋಪ್ ಹದಿನೈದನೆಯ ಬೆನೆಡಿಕ್ಟರು ಕವಿಯನ್ನು ಕೊಂಡಾಡಿ ವಿಶ್ವಪತ್ರವನ್ನೇ ಹೊರಡಿಸಿದರು. 1965ರಲ್ಲಿ ಆರನೆಯ ಪೌಲರೂ 2021ರಲ್ಲಿ ಫ್ರಾನ್ಸಿಸರೂ ಅವನನ್ನು ಕುರಿತು ಪತ್ರಗಳನ್ನು ಬರೆದರು. ತಮ್ಮ ಪೂರ್ವಾಧಿಕಾರಿಗಳನ್ನು ನರಕದಲ್ಲಿ ನಿಲ್ಲಿಸಿದ ಕವಿಗೆ ಸಂದ ಗೌರವವಿದು.

ಚಿತ್ರಗಳ ಭಾಗ್ಯ ಅಷ್ಟು ಸುಗಮವಾಗಿರಲಿಲ್ಲ. ಈಗ 92 ಹಾಳೆಗಳು ಉಳಿದಿವೆ. ಸ್ವೀಡನ್ನಿನ ರಾಣಿ ಕ್ರಿಸ್ಟೀನಾಳ ಸಂಗ್ರಹದಲ್ಲಿದ್ದ ಏಳು ಹಾಳೆಗಳು ವ್ಯಾಟಿಕನ್ ಗ್ರಂಥಾಲಯವನ್ನು ಸೇರಿದವು. ಉಳಿದ 85ನ್ನು 1882ರಲ್ಲಿ ಬರ್ಲಿನ್ನಿನ ಸಂಗ್ರಹಾಲಯವು ಸ್ಕಾಟ್ಲೆಂಡಿನ ಹ್ಯಾಮಿಲ್ಟನ್ ಡ್ಯೂಕರಿಂದ ಕೊಂಡಿತು. ಎರಡನೆಯ ಮಹಾಯುದ್ಧದ ಅನಂತರ ಆ ನಗರದೊಡನೆ ಹಾಳೆಗಳೂ ಪೂರ್ವ ಪಶ್ಚಿಮಗಳಿಗೆ ಹಂಚಿಹೋದವು. ಜರ್ಮನಿ ಒಂದಾದ ಮೇಲೆಯೇ ಅವೂ ಒಂದಾದವು. ವ್ಯಾಟಿಕನ್ನಿನವನ್ನೂ ಕೂಡಿಸಿಕೊಂಡು 2000–2001ರಲ್ಲಿ ಬರ್ಲಿನ್, ರೋಮ್, ಲಂಡನ್ನುಗಳಲ್ಲಿ ಪ್ರದರ್ಶನ ನಡೆಯಿತು.

ದಾಂತೆಯ ಮೇಲೆ ಕಾಲ ವ್ಯಯಿಸಿ ಬೊಟ್ಟಿಚೆಲ್ಲಿ ತನ್ನ ಬದುಕನ್ನು ಕೆಡಿಸಿಕೊಂಡನೆಂದು ಚರಿತ್ರಕಾರ ವಸಾರಿ ಗೊಣಗುತ್ತಾನೆ. ವಸಾರಿಯ ಮಾತನ್ನು ನಾನು ಒಪ್ಪಲಾರೆ. ನರಕದ ಹಾಳೆಗಳಲ್ಲಿ ಕಾಲಿಡಲು ಸ್ಥಳವಿಲ್ಲದಷ್ಟು ಜನಸಂದಣಿ. ಸ್ವರ್ಗಕ್ಕೆ ಬಂದರೆ ದೊಡ್ಡದೊಂದು ವೃತ್ತ, ಅದರೊಳಗೆ ದಾಂತೆ ಮತ್ತು ಬೆಯಾತ್ರಿಚೆ, ಇಬ್ಬರೇ. 28ನೆಯ ಸರ್ಗದಲ್ಲಿ ದೇವದೂತರ ಸಾಲುಗಳ ನಡುವೆ ಒಬ್ಬ ಪುಟ್ಟ ದೂತನು ಹಿಡಿದ ಫಲಕದಲ್ಲಿ ಚಿತ್ರಕಾರನು ತನ್ನ ಹೆಸರನ್ನು ಬರೆದುಕೊಂಡಿದ್ದಾನೆ. 32ನೆಯದಕ್ಕೆ ಬರುವಷ್ಟರಲ್ಲಿ ಕೆಲವೇ ಚಿಕ್ಕ ಆಕೃತಿಗಳು. ಸಂತ ಬೆರ್ನಾರ್ದರು ಮಾತೆ ಮರಿಯಮ್ಮನವರನ್ನು ಪ್ರಾರ್ಥಿಸಿ, ಕವಿಯು ತ್ರಿಯೇಕ ದೇವರನ್ನು ದರ್ಶಿಸುವ 33ನೆಯ ಸರ್ಗಕ್ಕೆ ಚಿತ್ರವೇ ಇಲ್ಲ.