ಅಂಜನದ ಪೂರ್ವವೃತ್ತಾಂತ

ಹಸುಳೆಗೆ ಎಣ್ಣೆನೀರೆರೆದು, ಸಾಂಬ್ರಾಣಿಯ ಹೊಗೆಯಲ್ಲಿ ತಲೆಯಾರಿಸಿ, ತೊಟ್ಟಿಲಿಗೆ ಹಾಕುವ ಮೊದಲು ಕಣ್ಣಿಗೆ ಕಾಡಿಗೆಯಿಡುವುದು ನಮ್ಮ ನಾಡಿನ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ವಾಡಿಕೆ. ಅಜ್ಜಿಯು ಅದು ಕಣ್ಣಿಗೆ ತಂಪೆನ್ನುತ್ತಾಳೆ; ವೈದ್ಯರು ಬೇಡವೆನ್ನುತ್ತಾರೆ. ನಡುವೆ ನಿಂತ ತಾಯಿಗೆ ಯಾರ ಮಾತನ್ನು ನಡೆಸಬೇಕೆಂಬುದು ತೋರದು. ಹಿರಿಯರು ತಮ್ಮ ಪಕ್ಷಕ್ಕೆ ಕೊಡುವ ಆಧಾರವೊಂದೇ: ಇದು ಸಾವಿರಾರು ವರ್ಷಗಳ ಪದ್ಧತಿಯೆಂಬುದು. ಆ ಸಾವಿರಾರು ವರ್ಷಗಳು ನಿಜವಾಗಿ ಏನು ಹೇಳುತ್ತವೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಕಣ್ಣಿನ ಸುತ್ತಲಿನ ಚರ್ಮವು ದೇಹದಲ್ಲೆಲ್ಲ ಅತ್ಯಂತ ತೆಳುವಾದುದು. ರೆಪ್ಪೆಯಲ್ಲಿ ಅದರ ದಪ್ಪವು ಹೆಚ್ಚೆಂದರೆ ಸುಮಾರು ಅರ್ಧ ಮಿಲಿಮೀಟರು. ಅದರಡಿಯಲ್ಲಿ ಕೊಬ್ಬಿನ ಪದರವು ಇಲ್ಲವೆಂದೇ ಹೇಳಬಹುದು. ಬಿಸಿಲು, ಧೂಳು, ನೊಣಗಳ ಹಾವಳಿ ಹೆಚ್ಚಾಗಿರುವ ದೇಶಗಳಲ್ಲಿ ಈ ಕೋಮಲವಾದ ಎಡೆಯನ್ನು ಕಾಪಾಡಿಕೊಳ್ಳುವ ಯತ್ನವು ಬಹಳ ಹಿಂದೆಯೇ ಹುಟ್ಟಿದುದು ಸಹಜವಾಗಿಯೇ ಇದೆ.

ಈ ಯತ್ನದ ಅತಿ ಪ್ರಾಚೀನ ಕುರುಹುಗಳು ನೈಲ್ ನದಿಯ ದಂಡೆಯಲ್ಲಿ ದೊರೆಯುತ್ತವೆ. ಈಜಿಪ್ಟಿನ ರಾಜವಂಶಗಳು ತಲೆದೋರುವ ಮುನ್ನವೇ ಅಲ್ಲಿನವರು ಕಣ್ಣಿಗೆ ಹಚ್ಚುವ ಹಸುರು, ಕಪ್ಪು ಬಣ್ಣಗಳನ್ನು ಕಲ್ಲಿನ ಫಲಕಗಳ ಮೇಲೆ ಅರೆಯುತ್ತಿದ್ದರು. ಹಸುರು ತಾಮ್ರದ ಖನಿಜದಿಂದ, ಕಪ್ಪು ಸೀಸದ ಅದುರಿನಿಂದ. ಕ್ರಿ. ಪೂ. ೧೫೫೦ರ ಸುಮಾರಿನ ಎಬರ್ಸ್ ಹಸ್ತಪ್ರತಿಯಲ್ಲಿ ಕಣ್ಣಿನ ಬೇನೆಗಳಿಗೆ ಹೇಳಿದ ಔಷಧಗಳು ಅನೇಕವಾಗಿವೆ. ಗೋರಿಗಳಲ್ಲಿ ದೊರೆತು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯವನ್ನು ಸೇರಿದ ಅಂಜನದ ಪುಡಿಗಳನ್ನು ಫ್ರೆಂಚ್ ವಿಜ್ಞಾನಿಗಳು ಪರೀಕ್ಷಿಸಿ ೧೯೯೯ರಲ್ಲಿ ಒಂದು ಸೋಜಿಗವನ್ನು ಹೊರಗೆಡವಿದರು. ಅವುಗಳಲ್ಲಿದ್ದ ಸೀಸದ ಎರಡು ಬಿಳಿಯ ಲವಣಗಳು ನಿಸರ್ಗದಲ್ಲಿ ಅತಿ ವಿರಳ. ಸೀಸದ ಭಸ್ಮವನ್ನು ಉಪ್ಪುನೀರಿನಲ್ಲಿಟ್ಟು, ವಾರಗಟ್ಟಲೆ ನೀರನ್ನು ಬದಲಾಯಿಸುತ್ತ, ಕೈಯಾರೆ ತಯಾರಿಸಿದ್ದವು. ಬಣ್ಣವೊಂದೇ ಬೇಕಾಗಿದ್ದರೆ ಇಷ್ಟು ಶ್ರಮವೇಕೆ? ೨೦೧೦ರಲ್ಲಿ ಪ್ರಕಟವಾದ ಇನ್ನೊಂದು ಶೋಧನೆಯಂತೆ, ಅತ್ಯಲ್ಪ ಪ್ರಮಾಣದ ಸೀಸವು ಚರ್ಮದ ಜೀವಕೋಶಗಳನ್ನು ಕೆರಳಿಸಿ, ಸೋಂಕನ್ನೆದುರಿಸುವ ಶಕ್ತಿಗೆ ಪ್ರೇರಕವಾದ ನೈಟ್ರಿಕ್ ಆಕ್ಸೈಡನ್ನು ಹೆಚ್ಚಿಸುತ್ತದೆ. ಆದರೆ ಇದು ಪ್ರಯೋಗಶಾಲೆಯ ಗಾಜಿನ ಪಾತ್ರೆಯಲ್ಲಿ ಕಂಡ ಮಾತೇ ಹೊರತು ತೊಟ್ಟಿಲ ಮಗುವಿನಲ್ಲಿ ಕಂಡುದಲ್ಲ.

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಸಿಂಧೂ ಕಣಿವೆಯ ಪಟ್ಟಣಗಳ ಅಗೆತದಲ್ಲಿ ದೊರೆತ ತಾಮ್ರದ ಸಣ್ಣ ಶಲಾಕೆಗಳು ಕಣ್ಣಿಗೆ ಅಂಜನವಿಡುವುದಕ್ಕಾಗಿ ಇದ್ದುವೆಂದು ವಿದ್ವಾಂಸರು ಊಹಿಸುತ್ತಾರೆ. ಸ್ಪಷ್ಟವಾದ ಬರವಣಿಗೆಯ ಆಧಾರವು ಬೌದ್ಧರ ವಿನಯಪಿಟಕದಲ್ಲಿದೆ. ಭಿಕ್ಷುವೊಬ್ಬನಿಗೆ ಕಣ್ಣುಬೇನೆ ಬರಲು ಬುದ್ಧನು ಅಂಜನಗಳನ್ನು ಬಳಸಬಹುದೆಂದು ಅಪ್ಪಣೆಯಿತ್ತನಂತೆ. ಅಲ್ಲಿ ಹೆಸರಿಸಿರುವವು ಐದು: ಕಾಳಾಂಜನ, ರಸಾಂಜನ, ಸ್ರೋತೋಂಜನ, ಕಾವಿಮಣ್ಣು, ದೀಪದ ಮಸಿ. ಅಂಜನದ ಕರಡಿಗೆಯು ಚಿನ್ನಬೆಳ್ಳಿಗಳದಾಗಿರಕೂಡದು, ಎಲುಬು, ಕೊಂಬು, ಬಿದಿರು, ಮರ, ಶಂಖ ಮುಂತಾದವುಗಳದಾಗಿರಬಹುದು ಎಂಬ ಕಟ್ಟಳೆಯೂ ಇದೆ. ಸರ್ವಸಂಗವನ್ನು ತೊರೆದವರಿಗೂ ಅಂಜನವು ಬೇಕಾಗಿದ್ದಿತೆಂದಮೇಲೆ ಅದು ಬರಿಯ ಶೃಂಗಾರಸಾಧನವಾಗಿರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ. ಅಷ್ಟೇ ಅಲ್ಲ, ಖನಿಜ, ಮೂಲಿಕೆ, ಮಸಿ ಈ ಮೂರು ಬೇರೆ ಬೇರೆ ಜಾತಿಯ ವಸ್ತುಗಳು ಆಗಲೇ ಅಂಜನವೆಂಬ ಒಂದೇ ಹೆಸರಿನ ಕೆಳಗೆ ಸೇರಿಹೋಗಿದ್ದುವು. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು.

ಆಯುರ್ವೇದದ ಆಚಾರ್ಯರು ಈ ವಿಷಯವನ್ನು ಶಾಸ್ತ್ರಕ್ಕೆ ತಂದರು. ಕಣ್ಣು ತೇಜೋಮಯವಾದುದು, ಅದಕ್ಕೆ ಕಫದಿಂದ ವಿಶೇಷ ಭಯವುಂಟು ಎಂದು ಚರಕಸಂಹಿತೆಯು ಹೇಳಿ, ಸೌವೀರಾಂಜನವನ್ನು ನಿತ್ಯವೂ, ದೋಷವನ್ನು ಸ್ರವಿಸಿ ಕಳೆಯುವುದಕ್ಕೆ ರಸಾಂಜನವನ್ನು ಐದು ಅಥವಾ ಎಂಟು ರಾತ್ರಿಗಳಿಗೊಮ್ಮೆಯೂ ವಿಧಿಸುತ್ತದೆ. ಸುಶ್ರುತಸಂಹಿತೆಯು ಎಪ್ಪತ್ತಾರು ನೇತ್ರರೋಗಗಳನ್ನು ಎಣಿಸಿ, ಅವುಗಳಲ್ಲಿ ಇಪ್ಪತ್ತೊಂದನ್ನು ರೆಪ್ಪೆಗೆ ಸೇರಿಸುತ್ತದೆ. ಅಂಜನದ ಶಲಾಕೆಯು ಎಂಟು ಅಂಗುಲ ಉದ್ದವಾಗಿ, ನಡುವೆ ತೆಳುವಾಗಿ, ತುದಿಗಳಲ್ಲಿ ಮೊಗ್ಗಿನಂತಿರಬೇಕು; ರೆಪ್ಪೆಗೆ ಬಳಿಯತಕ್ಕುದನ್ನು ಮಾತ್ರ ಬೆರಳಿನಿಂದಲೇ ಬಳಿಯಬೇಕು; ಕಣ್ಣಿನ ಕೊನೆಗಳನ್ನು ನೋಯಿಸಬಾರದು. ಮುಂದೆ ಶಾರ್ಙ್ಗಧರಸಂಹಿತೆಯು ಬಿಡಾಲಕವೆಂಬ ಲೇಪವನ್ನು ಬೇರೆಯಾಗಿಯೇ ವಿವರಿಸುತ್ತದೆ. ಅದು ಕಣ್ಣಿನೊಳಕ್ಕೆ ಹೋಗತಕ್ಕುದಲ್ಲ; ಎವೆಗೂದಲನ್ನು ಬಿಟ್ಟು ರೆಪ್ಪೆಯ ಹೊರಚರ್ಮಕ್ಕೆ ಮಾತ್ರ ಹಚ್ಚತಕ್ಕುದು. ಒಳಗಿನ ಕಣ್ಣು ಬೇರೆ, ಹೊರಗಿನ ಚರ್ಮ ಬೇರೆ, ಎರಡಕ್ಕೂ ಉಪಚಾರವು ಬೇರೆ ಎಂಬ ವಿವೇಕವನ್ನು ಇಲ್ಲಿ ಕಾಣುತ್ತೇವೆ.

ವಿಧಿಯ ಜೊತೆಗೆ ನಿಷೇಧವೂ ಇದ್ದಿತು. ಆಗತಾನೆ ಉಂಡವನು, ತಲೆಗೆ ಸ್ನಾನಮಾಡಿದವನು, ರಾತ್ರಿ ಎಚ್ಚರವಿದ್ದವನು, ಜ್ವರ ಬಂದವನು ಅಂಜನವಿಟ್ಟುಕೊಳ್ಳಬಾರದೆಂದು ಸುಶ್ರುತವು ಹೇಳುತ್ತದೆ. ನಮ್ಮ ಮನೆಗಳಲ್ಲಿ ಮಗುವಿಗೆ ತಲೆಗೆರೆದ ಮರುಗಳಿಗೆಯಲ್ಲಿಯೇ ಕಾಡಿಗೆಯಿಡುವುದನ್ನು ನೆನೆದರೆ, ನಾವು ಶಾಸ್ತ್ರದ ಅರ್ಧವನ್ನು ಮಾತ್ರ ಉಳಿಸಿಕೊಂಡೆವೆಂದು ಹೇಳಬೇಕಾಗುತ್ತದೆ.

ಮೇಲೆ ಹೇಳಿದ ರಸಾಂಜನದ ಚರಿತ್ರೆಯು ಸ್ವಾರಸ್ಯವಾದುದು. ದಾರುಹರಿದ್ರೆ, ಅಂದರೆ ಮರದರಿಶಿನದ ಕಷಾಯವನ್ನು ಗಟ್ಟಿಯಾಗುವವರೆಗೆ ಕಾಯಿಸಿ ಮಾಡಿದ ಸಾರವಿದು. ಕ್ರಿಸ್ತಶಕದ ಮೊದಲನೆಯ ಶತಮಾನದ ಪೆರಿಪ್ಲಸ್ ಎಂಬ ಗ್ರೀಕ್ ನೌಕಾಗ್ರಂಥದಲ್ಲಿ, ಸಿಂಧೂ ನದಿಯ ಮುಖದಲ್ಲಿದ್ದ ರೇವಿನಿಂದಲೂ ಭರೂಚದಿಂದಲೂ ಹೊರಟ ಸರಕುಗಳ ಪಟ್ಟಿಯಲ್ಲಿ ಲೈಕಿಯಮ್ ಎಂಬ ಹೆಸರಿದೆ. ಗ್ರೀಕ್ ವೈದ್ಯ ಡಯೋಸ್ಕೊರಿಡೀಸನು ಭಾರತದ ಲೈಕಿಯಮ್ಮನ್ನು ಹೊಗಳಿದ್ದಾನೆ. ಈ ವಸ್ತುವು ನಮ್ಮ ರಸಾಂಜನವೇ ಎಂದು ಸಸ್ಯಶಾಸ್ತ್ರಜ್ಞ ರಾಯ್ಲ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿ ತೋರಿಸಿಕೊಟ್ಟರು. ನಮ್ಮ ಬೆಟ್ಟದ ಗಿಡವೊಂದು ರೋಮಿನವರ ಕಣ್ಣುಬೇನೆಯನ್ನು ಕಳೆಯಲು ಹಡಗನ್ನೇರಿತೆಂಬುದು ಸಣ್ಣ ಮಾತಲ್ಲ.

ದೀಪದ ಮಸಿಯಾದರೋ ಹಡಗನ್ನೇರಲಿಲ್ಲ, ಅಡಿಗೆಮನೆಯಲ್ಲಿಯೇ ಉಳಿಯಿತು. ನಂದಿಬಟ್ಟಲ ಹೂವಿನ ಅಥವಾ ಹೊನಗೊನ್ನೆ ಸೊಪ್ಪಿನ ರಸದಲ್ಲಿ ತೆಳುಬಟ್ಟೆಯನ್ನು ಅದ್ದಿ, ನೆರಳಿನಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ಹಣತೆಯಲ್ಲಿ ಹೊತ್ತಿಸಿ, ಅದರ ಮೇಲೆ ತಾಮ್ರದ ತಟ್ಟೆಯನ್ನು ಬೋರಲಿಡುವರು. ತಟ್ಟೆಗೆ ಹಿಡಿದ ಮಸಿಯನ್ನು ಕೆರೆದು, ಹರಳೆಣ್ಣೆಯಲ್ಲಿಯೋ ತುಪ್ಪದಲ್ಲಿಯೋ ಕಲಸಿ ಕರಡಿಗೆಗೆ ತುಂಬುವರು. ಕನ್ನಡ ಗೃಹಿಣಿಯ ಕಾಡಿಗೆ ಇದೇ. ಇದು ಇದ್ದಿಲಿನ ಜಾತಿಯದು. ಸೀಸದ ಸೋಂಕು ಇದಕ್ಕಿಲ್ಲ.

ತೊಡಕು ಹುಟ್ಟಿದುದು ಖನಿಜದ ಅಂಜನದಲ್ಲಿ. ಸೌವೀರಾಂಜನವು ಆಂಟಿಮನಿಯ ಅದುರೆಂದು ಅನೇಕ ಪಂಡಿತರ ಮತ. ಆದರೆ ಆಂಟಿಮನಿಯ ಅದುರೂ ಸೀಸದ ಅದುರೂ ನೋಟಕ್ಕೆ ಒಂದೇ ಬಗೆಯಾಗಿ ಕಪ್ಪಾಗಿ ಹೊಳೆಯುತ್ತವೆ. ಸುರ್ಮಾ ಎಂದು ಅಂಗಡಿಯಲ್ಲಿ ಮಾರಿದ ಪುಡಿಯು ಎಷ್ಟೋ ವೇಳೆ ಸೀಸದ್ದೇ ಆಗಿದ್ದಿತು. ೧೯೬೮ರಲ್ಲಿಯೂ ೧೯೭೮ರಲ್ಲಿಯೂ ಬ್ರಿಟಿಷ್ ವೈದ್ಯಪತ್ರಿಕೆಯು, ಸುರ್ಮಾ ಹಚ್ಚಿದ ಮಕ್ಕಳ ಮೈಗೆ ಸೀಸದ ವಿಷವೇರುವುದನ್ನು ಕುರಿತ ವರದಿಗಳನ್ನು ಪ್ರಕಟಿಸಿತು. ಮಗುವು ಕಣ್ಣುಜ್ಜಿದ ಬೆರಳನ್ನು ಬಾಯಿಗಿಡುತ್ತದೆ. ವಿಷವು ಆ ದಾರಿಯಿಂದ ಹೊಟ್ಟೆಗಿಳಿಯುತ್ತದೆ. ಬೆಳೆಯುವ ಮಿದುಳಿಗೆ ಸೀಸವು ಇಷ್ಟರಮಟ್ಟಿಗೆ ನಿರಪಾಯಕರವೆಂಬ ಮಿತಿಯೇ ಇಲ್ಲ. ಪ್ರಾಚೀನರಿಗೆ ಇದನ್ನು ಅಳೆಯುವ ಸಾಧನವಿರಲಿಲ್ಲ. ಅದು ಅವರ ತಪ್ಪಲ್ಲ. ಅಳೆದು ತಿಳಿದಮೇಲೆಯೂ ಅವರ ಹೆಸರನ್ನು ಮುಂದಿಟ್ಟುಕೊಂಡು ನಡೆದರೆ ತಪ್ಪು ನಮ್ಮದು.

ಹಾಗಾದರೆ ಮನೆಯ ಕಾಡಿಗೆಯು ಹಸುಳೆಗೆ ತಕ್ಕುದೇ? ಅದರಲ್ಲಿ ಸೀಸವಿಲ್ಲವೆಂಬುದು ನಿಜ. ಆದರೂ ಬೆರಳಿನ ಕೊಳೆ, ಹಳೆಯ ತುಪ್ಪದ ಜಿಡ್ಡು, ಮಸಿಯ ಕಣಗಳು ಇವು ಕಣ್ಣಿನ ಸೋಂಕಿಗೂ ಕಿರಿದಾದ ಕಣ್ಣೀರಿನ ನಾಳವು ಕಟ್ಟಿಕೊಳ್ಳುವುದಕ್ಕೂ ಕಾರಣವಾಗಬಹುದೆಂದು ನೇತ್ರವೈದ್ಯರು ಎಚ್ಚರಿಸುತ್ತಾರೆ. ಈ ಎಚ್ಚರಿಕೆಯು ಪರಂಪರೆಗೆ ವಿರುದ್ಧವಾದುದೇನೂ ಅಲ್ಲ. ಯಾರಿಗೆ, ಯಾವಾಗ, ಯಾವ ವಸ್ತುವನ್ನು, ಒಳಗೋ ಹೊರಗೋ ಎಂದು ವಿಂಗಡಿಸಿ ಕೇಳಿದ ಆಚಾರ್ಯರ ಪ್ರಶ್ನೆಯನ್ನೇ ಇಂದಿನ ವೈದ್ಯರೂ ಕೇಳುತ್ತಿದ್ದಾರೆ.

ಅಜ್ಜಿಯ ಕರಡಿಗೆಯನ್ನು ಎಸೆಯಬೇಕಾಗಿಲ್ಲ. ಮಗುವಿನ ಕೆನ್ನೆಯ ಮೇಲೊಂದು ದೃಷ್ಟಿಬೊಟ್ಟನ್ನು ಆಕೆ ಧಾರಾಳವಾಗಿ ಇಡಲಿ. ಕಣ್ಣನ್ನು ಮಾತ್ರ ಅದರ ಪಾಡಿಗೆ ಬಿಡಲಿ.