ಗೋದಾವರಿಯ ಪಟ್ಟೆ, ಗುರ್ಜರ ವಧು

ಗುಜರಾತಿನ ಮದುವಣಗಿತ್ತಿಯ ಸೀರೆಗಳ ಚರಿತ್ರೆಯನ್ನು ಬರೆಯಹೊರಟವನು ಪಾಟಣಕ್ಕೂ ಸೂರತಕ್ಕೂ ಹೋಗುವುದಕ್ಕೆ ಮುನ್ನ ಮರಾಠವಾಡೆಯತ್ತ ಕಣ್ಣು ಹಾಯಿಸಬೇಕು. ಹನ್ನೆರಡನೆಯ ಶತಮಾನದಲ್ಲಿ ಸೋಲಂಕಿ ಅರಸನಾದ ಕುಮಾರಪಾಲನು, ದೇವಪೂಜೆಗೆ ನಿತ್ಯವೂ ಹೊಸ ಪಟ್ಟೆಯುಡುವ ಆಸೆಯಿಂದ, ಜಾಲ್ನಾ ಸೀಮೆಯ ಏಳುನೂರು ಸಾಳ್ವಿ ಕುಟುಂಬಗಳನ್ನು ತನ್ನ ರಾಜಧಾನಿಗೆ ಕರೆಸಿಕೊಂಡನೆಂದು ಆ ನೇಕಾರರ ಐತಿಹ್ಯ. ಸಂಖ್ಯೆಯಲ್ಲಿ ಅತಿಶಯೋಕ್ತಿ ಇದ್ದೀತು. ಆದರೂ ಹಾಸು ಹೊಕ್ಕು ಎರಡನ್ನೂ ಮಗ್ಗಕ್ಕೇರಿಸುವ ಮೊದಲೇ ಗಂಟುಕಟ್ಟಿ ಬಣ್ಣದಲ್ಲದ್ದಿ, ಅವು ಸಂಧಿಸುವೆಡೆಯಲ್ಲಿ ಆನೆ, ಗಿಳಿಗಳನ್ನು ಮೂಡಿಸುವ ಪಟೋಲದ ವಿದ್ಯೆಯು ಇಂದಿನ ಛತ್ರಪತಿ ಸಂಭಾಜಿನಗರದ ನೆರೆನಾಡಿನಿಂದ ಹೊರಟಿತೆಂಬ ನಂಬುಗೆ ಪಾಟಣದಲ್ಲಿ ಇನ್ನೂ ಜೀವಂತವಾಗಿದೆ.

ಈ ಋಣವನ್ನು ಗುಜರಾತು ನಾಸಿಕ ಜಿಲ್ಲೆಯ ಯೇವಲೆಯಲ್ಲಿ ತೀರಿಸಿತೆನ್ನಬಹುದು. ಹದಿನೇಳನೆಯ ಶತಮಾನದ ಕಡೆಗೆ ಅಲ್ಲಿನ ರಘೋಜಿ ನಾಯಕನು ಶಾಮದಾಸ ವಾಲಜಿ ಎಂಬ ಗುಜರಾತಿ ವಣಿಕನನ್ನು ಕರೆತಂದು ರೇಷ್ಮೆಯ ಉದ್ಯಮಕ್ಕೆ ನಾಂದಿ ಹಾಕಿದನೆಂದು ಪ್ರತೀತಿಯುಂಟು. ಶಾತವಾಹನರ ಪ್ರತಿಷ್ಠಾನವಾಗಿದ್ದ ಪೈಠಣವು ಹೆಸರಿತ್ತ ಸೀರೆಯು, ಪೇಶ್ವೆಯರ ಮತ್ತು ನಿಜಾಮರ ಆಶ್ರಯದಲ್ಲಿ ಬೆಳೆದು, ಈಗ ಬಹುತರವಾಗಿ ಯೇವಲೆಯ ಮಗ್ಗಗಳಲ್ಲಿಯೇ ಮೂಡುತ್ತದೆ. 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚನೆಯ ಮನ್ನಣೆಯೂ ದೊರೆಯಿತು. ಸೂರತದ ಜರಿಯೂ ನಮ್ಮ ಕರ್ನಾಟಕದ ರೇಷ್ಮೆಯೂ ಅಲ್ಲಿ ಒಂದೇ ಮಗ್ಗದಲ್ಲಿ ಕೂಡುತ್ತವೆ.

ಪೈಠಣಿಯ ಸೆರಗನ್ನು ನೇಯುವುದನ್ನು ನೋಡಬೇಕು. ಜರಿಯ ಹೊನ್ನೆಲದ ಮೇಲೆ ಬಳೆಯೊಳಗಣ ನವಿಲೋ ಆಸಾವಳಿಯ ಬಳ್ಳಿಯೋ ಮೂಡಬೇಕಾದರೆ, ಲಾಳಿಯೊಂದು ಈ ಅಂಚಿನಿಂದ ಆ ಅಂಚಿಗೆ ಓಡಿದರಾಗದು. ಒಂದೊಂದು ಬಣ್ಣಕ್ಕೂ ಒಂದೊಂದು ಪುಟ್ಟ ಕಂಡಿಕೆಯಿಟ್ಟುಕೊಂಡು, ಎಳೆಯೆಣಿಸಿ, ತನ್ನ ಬಣ್ಣದ ಎಲ್ಲೆ ಮುಗಿದಲ್ಲಿ ನೆರೆಯ ನೂಲಿಗೆ ಕೊಕ್ಕೆಹಾಕಿ ಹಿಂದಿರುಗಿಸಬೇಕು. ಆದುದರಿಂದಲೇ ಮಗುಚಿದರೂ ಚಿತ್ರವು ಹಾಗೆಯೇ ಕಾಣುತ್ತದೆ. ವಿದ್ಯುನ್ಮಗ್ಗದ ಅಗ್ಗದ ಅನುಕರಣಗಳ ಬೆನ್ನಿನಲ್ಲಿ ಸಾಮಾನ್ಯವಾಗಿ ನೂಲುಗಳು ಜೋಲುತ್ತಿರುತ್ತವೆ.

ಗುರ್ಜರ ವಧುವಿನ ಉಡುಗೆಯಲ್ಲಿ ಕ್ರಮವೇ ಪ್ರಧಾನ. ಬಿಳಿಯ ಒಡಲು, ಕೆಂಪಂಚುಗಳ ಪಾನೇತರವು ತವರಿನದು, ಹಲವೆಡೆ ಸೋದರಮಾವನ ಕೊಡುಗೆ. ಜರಿಯ ಚೌಕುಳಿಗಳ ನಡುವೆ ಬಾಂಧಣಿಯ ಚುಕ್ಕೆಯಿಟ್ಟ ಘರಚೋಳವು ಅತ್ತೆಮನೆಯದು. ನೆರಿಗೆ ಹಿಡಿದ ಮೇಲೆ ಸೆರಗನ್ನು ಬೆನ್ನಿನಿಂದ ಬಲಹೆಗಲ ಮೇಲೆ ಮುಂದಕ್ಕೆ ತಂದು, ಎದೆಯ ಮೇಲೆ ಹರಡಿ, ತುದಿಯನ್ನು ಎಡಸೊಂಟಕ್ಕೆ ಸಿಕ್ಕಿಸುವುದು ಅವರ ರೀತಿ. ಮರಾಠಿ ವಧುವಾದರೋ ಒಂಬತ್ತು ಗಜದ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಸೆರಗನ್ನು ಎಡಹೆಗಲಿಗೆ ಹೊದೆಯುವಳು. ನವಿಲುಗಳೆಲ್ಲ ಬೆನ್ನ ಪಾಲು. ನಡಿಗೆಯ ಗಾಂಭೀರ್ಯಕ್ಕೆ ಕಚ್ಚೆಯೇ ಮೇಲೆಂದು ನಾನೂ ಒಪ್ಪುವೆನು. ಆದರೆ ನೇಕಾರನು ವಾರಗಟ್ಟಲೆ ಕುಳಿತು ಬಿಡಿಸಿದ ಸೆರಗು ಕಾಣಬೇಕೆಂದರೆ, ಆರು ಗಜದ ಪೈಠಣಿಯನ್ನು ಗುಜರಾತಿನ ರೀತಿಯಲ್ಲಿ ಉಡುವುದೇ ಲೇಸು.