ಶೆಟ್ಟರ ಗೊಂಬೆಯಂಗಡಿ

ನವರಾತ್ರಿ ಕಳೆದು ರಾಜ್ಯೋತ್ಸವ ಬರುವ ಹೊತ್ತಿಗೆ ನಮ್ಮ ಮನೆಗಳ ದಸರಾ ಗೊಂಬೆಗಳು ಹಳೆಯ ಸೀರೆಯ ತುಂಡುಗಳಲ್ಲಿ ಸುತ್ತಿಸಿಕೊಂಡು ಮತ್ತೆ ಪೆಟ್ಟಿಗೆ ಸೇರಿರುತ್ತವೆ. ಪಟ್ಟದ ಗೊಂಬೆಗಳಾದ ರಾಜ ರಾಣಿಯರ ವಿಷಯವಾಗಿ ಬರೆದವರು ಬಹಳ ಮಂದಿ. ಅವರ ಕೆಳಗಿನ ಮೆಟ್ಟಲಲ್ಲಿ ಡೊಳ್ಳುಹೊಟ್ಟೆ ಬಿಟ್ಟುಕೊಂಡು ಕುಳಿತಿರುವ ಶೆಟ್ಟರ ವಿಷಯವಾಗಿ ಬರೆದವರು ಕಡಮೆ. ನಾವು ಬ್ಯಾಂಕಿನ ಗುಮಾಸ್ತರು. ನಮಗೆ ಸಿಂಹಾಸನಕ್ಕಿಂತ ಗಲ್ಲಾಪೆಟ್ಟಿಗೆಯ ಪರಿಚಯವೇ ಹೆಚ್ಚು. ಆದಕಾರಣ ಶೆಟ್ಟರ ಅಂಗಡಿಯ ಚರಿತ್ರೆಯನ್ನು ಓದುಗರ ಮುಂದಿಡಲು ಮನಸ್ಸು ಮಾಡಿದ್ದೇವೆ.

1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರಾ ಉತ್ಸವವನ್ನು ಆರಂಭಿಸಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಅರಮನೆಯಲ್ಲಿ ಅರಸರ ದರ್ಬಾರು ನಡೆದರೆ, ಮೈಸೂರು ಸೀಮೆಯ ಮನೆಮನೆಗಳಲ್ಲಿ ಗೊಂಬೆಗಳ ದರ್ಬಾರು ನಡೆಯುತ್ತದೆ. ಮೇಲಿನ ಮೆಟ್ಟಲಲ್ಲಿ ಕಲಶ, ಪಟ್ಟದ ಗೊಂಬೆ, ದೇವರುಗಳು. ಕೆಳಗಿಳಿದಂತೆ ಮದುವೆಯ ದಿಬ್ಬಣ, ಸಿಪಾಯಿಗಳು, ಪ್ರಾಣಿಗಳು. ಎಲ್ಲಕ್ಕೂ ಕೆಳಗೆ ಶೆಟ್ಟರು ಮತ್ತು ಶೆಟ್ಟಮ್ಮನವರು. ಅವರ ಮುಂದೆ ಅಕ್ಕಿ, ಬೇಳೆ, ಬೆಲ್ಲ, ಉಪ್ಪುಗಳ ಪುಟ್ಟ ರಾಶಿಗಳು. ಬೇರೆ ಗೊಂಬೆಗಳೆಲ್ಲ ಬರಿಯ ನೋಟಕ್ಕೆ ಇರುವವು. ಶೆಟ್ಟರ ಅಂಗಡಿಯಲ್ಲಿ ಮಾತ್ರ ಮಕ್ಕಳು ಕೈಯಿಟ್ಟು ಆಡಬಹುದು, ಏಕೆಂದರೆ ಅಲ್ಲಿರುವುದು ನಿಜವಾದ ಅಕ್ಕಿ, ನಿಜವಾದ ಬೆಲ್ಲ.

ರಾಜ್ಯವೆಂದರೆ ರಾಜನೊಬ್ಬನೇ ಅಲ್ಲ, ಪೇಟೆಯೂ ಇರಬೇಕೆಂಬ ತಿಳಿವಳಿಕೆ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಸಾವಿರ ವರ್ಷಗಳ ಹಿಂದಿನ ಶಾಸನಗಳಲ್ಲಿಯೇ ‘ಅಯ್ಯಾವೊಳೆಯ ಐನೂರ್ವರು’ ಎಂಬ ವರ್ತಕರ ಸಂಘದ ಹೆಸರು ಬರುತ್ತದೆ. ಅಯ್ಯಾವೊಳೆಯೆಂದರೆ ಇಂದಿನ ಐಹೊಳೆ. ಪಟ್ಟಣದ ವರ್ತಕರ ಮುಖಂಡನಿಗೆ ‘ಪಟ್ಟಣಸ್ವಾಮಿ’ ಎಂಬ ಬಿರುದೇ ಇದ್ದಿತು. ‘ಶ್ರೇಷ್ಠಿ’ ಎಂಬ ಸಂಸ್ಕೃತ ಪದ ನಮ್ಮ ನಾಲಗೆಯಲ್ಲಿ ‘ಸೆಟ್ಟಿ’, ‘ಶೆಟ್ಟಿ’ ಎಂದಾಯಿತು. ಮೆಟ್ಟಲ ಮೇಲಿನ ನಮ್ಮ ಶೆಟ್ಟರು ಆ ಹಳೆಯ ಪರಂಪರೆಯ ಕಿರಿಯ ಪ್ರತಿನಿಧಿಗಳೆಂದರೆ ತಪ್ಪಾಗದು.

ಈ ಅಂಗಡಿ ಮಕ್ಕಳಿಗೆ ಕಲಿಸುತ್ತಿದ್ದದ್ದೇನು? ಮೊದಲನೆಯದು ಅಳತೆ. ಸೇರಿಗೆ ಎರಡು ಅಚ್ಚೇರು, ಅಚ್ಚೇರಿಗೆ ಎರಡು ಪಾವು, ಪಾವಿಗೆ ನಾಲ್ಕು ಚಟಾಕು. ಎರಡನೆಯದು ಹಣದ ಲೆಕ್ಕ. ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಪೈಸೆ. ಮೂರನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಅಂಗಡಿಯ ಮಾತು. ಬೆಳಗಿನ ಮೊದಲ ವ್ಯಾಪಾರಕ್ಕೆ ಬೋಣಿ. ತೂಗುವುದಕ್ಕೆ ತಕ್ಕಡಿ. ಕಾಗದ ಸುತ್ತಿ ದಾರ ಕಟ್ಟಿದರೆ ಪೊಟ್ಟಣ. ದುಡ್ಡು ಕೊಡದೆ ಒಯ್ದರೆ ಕಡ. ಧಾರವಾಡದ ಕಡೆಯವರಿಗೆ ಉದ್ದರಿ. ದಿನದ ಲೆಕ್ಕಕ್ಕೆ ಕಿರ್ದಿ, ಆಸಾಮಿವಾರು ಲೆಕ್ಕಕ್ಕೆ ಖತಾವಣಿ. ತೂಕವೆಲ್ಲ ಮುಗಿದ ಮೇಲೆ ಕೊಳ್ಳುವವರು ಕೈನೀಡಿ ಕೇಳುವ ಒಂದು ಚಿಟಿಕೆಗೆ ಕೊಸರು. ಇಂಥ ಮಾತುಗಳನ್ನು ನೆನೆದರೆ, ಭಾಷೆಗೆ ಅಂಗಡಿಯ ಋಣ ಎಷ್ಟೆಂಬುದು ತಿಳಿಯುತ್ತದೆ.

1956 ಎಂದೊಡನೆ ಕನ್ನಡಿಗರಾದ ನಮಗೆ ನವೆಂಬರ್ 1ರ ಏಕೀಕರಣವೊಂದೇ ನೆನಪಿಗೆ ಬರುತ್ತದೆ. ಅದೇ ವರ್ಷದ ಕೊನೆಯಲ್ಲಿ ತೂಕ ಮತ್ತು ಅಳತೆಗಳ ಕಾನೂನೂ ಆಯಿತು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾ ಪೈಸೆಯಾಯಿತು. 1958ರ ಅಕ್ಟೋಬರಿನಿಂದ ಹಂತ ಹಂತವಾಗಿ ಕಿಲೋಗ್ರಾಂ ಬಂದಿತು. ಎಂಬತ್ತು ತೊಲದ ಸೇರು 933 ಗ್ರಾಂ ಎಂದು ಲೆಕ್ಕ ಹಾಕಿ ಪಕ್ಕಕ್ಕಿಡಲಾಯಿತು. ಊರಿಗೊಂದು ಸೇರು ಇದ್ದ ಗೊಂದಲ ತಪ್ಪಿದ್ದು ಒಳ್ಳೆಯದೇ ಆಯಿತು. ಲೆಕ್ಕ ಬರೆಯುವ ನಾವು ಅದನ್ನು ಅಲ್ಲಗಳೆಯಲಾರೆವು. ಆದರೆ ಒಂದು ವಿಚಿತ್ರವನ್ನು ನೋಡಿ. ನಿಜವಾದ ಅಂಗಡಿಯಿಂದ ಹೊರಟುಹೋದ ಪಾವು, ಚಟಾಕುಗಳು ಗೊಂಬೆಯಂಗಡಿಯಲ್ಲಿ ಬಹುಕಾಲ ಉಳಿದವು. ಅಜ್ಜಿಯಂದಿರು ಮೊಮ್ಮಕ್ಕಳಿಗೆ ತಗಡಿನ ಪುಟ್ಟ ಪಾವಿನಲ್ಲಿಯೇ ಅಕ್ಕಿ ಅಳೆದುಕೊಟ್ಟರು. ಆಟದ ವಸ್ತುವೇ ಕಡತವಾಯಿತು.

ಈ ಶೆಟ್ಟರು ದೆಹಲಿಗೆ ಬಂದದ್ದು ನಮ್ಮ ಹಿರಿಯರ ಟ್ರಂಕುಗಳಲ್ಲಿ. ಸ್ವಾತಂತ್ರ್ಯದ ಆಸುಪಾಸಿನ ದಶಕಗಳಲ್ಲಿ ಸರ್ಕಾರಿ ಕಛೇರಿಗಳ ಕೆಲಸಕ್ಕೆಂದು ಬಂದ ದಕ್ಷಿಣದ ಸಂಸಾರಗಳು ಬಾಡಿಗೆಗೆ ನಿಂತ ಬಡಾವಣೆಗಳಲ್ಲಿ ಕರೋಲ್ ಬಾಗ್ ಒಂದು. ಒಂದು ಕೋಣೆ, ಇಲ್ಲವೆ ಮಾಳಿಗೆಯ ಮೇಲಿನ ಬರ್ಸಾತಿ. ಅಷ್ಟರಲ್ಲಿಯೇ ಟ್ರಂಕುಗಳನ್ನು ಒಂದರ ಮೇಲೊಂದಿಟ್ಟು, ಬಿಳಿಯ ಪಂಚೆ ಹೊದಿಸಿ, ಮೆಟ್ಟಲು ಮಾಡುವುದು. ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ರೈಲು ಪ್ರಯಾಣವನ್ನು ಮರದ ಪಟ್ಟದ ಗೊಂಬೆ ತಾಳಿಕೊಳ್ಳಬಲ್ಲುದು. ಮಣ್ಣಿನ ಶೆಟ್ಟರಿಗೆ ಅದು ಕಷ್ಟ. ಮುರಿದುಹೋದ ಅಂಗಡಿಯನ್ನು ಕೈಗೆ ಸಿಕ್ಕ ರಟ್ಟು ಕಾಗದಗಳಿಂದ ಮತ್ತೆ ಕಟ್ಟಿಕೊಳ್ಳಬೇಕಾದದ್ದು ಹೀಗೆ.

ಕರೋಲ್ ಬಾಗ್ ತಾನೇ ಮನೆ ಬಿಟ್ಟು ಬಂದವರ ಊರು. 1920ರ ದಶಕದಲ್ಲಿ ಹೊಸದೆಹಲಿಯ ನಿರ್ಮಾಣಕ್ಕಾಗಿ ಮಾಧೋಗಂಜ್, ಜೈಸಿಂಗ್‌ಪುರ, ರಾಜಾ ಕಾ ಬಜಾರ್ ಮೊದಲಾದ ಹಳ್ಳಿಗಳನ್ನು ತೆರವು ಮಾಡಿದಾಗ ಅಲ್ಲಿನವರು ಇಲ್ಲಿಗೆ ಬಂದರು. 1947ರ ದೇಶವಿಭಜನೆಯಲ್ಲಿ ಪಶ್ಚಿಮ ಪಂಜಾಬಿನಿಂದ ಮನೆ ಅಂಗಡಿಗಳನ್ನು ಕಳೆದುಕೊಂಡವರು ಬಂದರು. ಸಿಯಾಲ್‌ಕೋಟೆಯಲ್ಲಿ 1919ರಲ್ಲಿ ಆರಂಭವಾಗಿದ್ದ ‘ಮಹಾಶಿಯಾಂ ದಿ ಹಟ್ಟಿ’ ಎಂಬ ಮಸಾಲೆ ಅಂಗಡಿಯ ಧರ್ಮಪಾಲ್ ಗುಲಾಟಿಯವರು ದೆಹಲಿಯಲ್ಲಿ ಕೆಲಕಾಲ ಟಾಂಗಾ ಹೊಡೆದು, 1948ರಲ್ಲಿ ಅಜ್ಮಲ್ ಖಾನ್ ರಸ್ತೆಯಲ್ಲಿ ಒಂದು ಮರದ ಗೂಡಂಗಡಿ ಹಾಕಿದರು. ಅದರ ಅಳತೆ 14 ಅಡಿಗೆ 9 ಅಡಿ. ಎಂ.ಡಿ.ಎಚ್. ಎಂದು ನಾವೆಲ್ಲ ಬಲ್ಲ ಡಬ್ಬಿಯ ಮೂಲ ಅದೇ. ನಮ್ಮಲ್ಲಿ ಹಟ್ಟಿಯೆಂದರೆ ಜನವಸತಿ, ದನದ ಕೊಟ್ಟಿಗೆ. ಪಂಜಾಬಿಯಲ್ಲಿ ಹಟ್ಟಿಯೆಂದರೆ ಅಂಗಡಿ.

ಹಟ್ಟಿಯ ಕಿರಿದಾದ ರೂಪವೇ ‘ಹಟ್ರಿ’. ದೀಪಾವಳಿಯ ಮುನ್ನ ಇಲ್ಲಿನ ಬೀದಿಗಳಲ್ಲಿ ಹಣತೆಗಳ ಜೊತೆಗೆ ಬಣ್ಣ ಬಳಿದ ಮಣ್ಣಿನ ಪುಟ್ಟ ಮಂಟಪಗಳನ್ನು ಮಾರುವುದನ್ನು ಓದುಗರು ಕಂಡಿರಬಹುದು. ಅದು ಹಟ್ರಿ, ಅಂದರೆ ಚಿಕ್ಕ ಅಂಗಡಿ. ಪಂಜಾಬಿ, ಸಿಂಧಿ ಸಂಸಾರಗಳಲ್ಲಿ ಅದಕ್ಕೆ ಅರಳು, ಬತ್ತಾಸು ತುಂಬಿ ಲಕ್ಷ್ಮೀಪೂಜೆಯಲ್ಲಿ ಇಡುತ್ತಾರೆ. ಪುಷ್ಟಿಮಾರ್ಗದ ವೈಷ್ಣವ ಮಂದಿರಗಳಲ್ಲಿ ಆ ದಿನಗಳಲ್ಲಿ ಶ್ರೀಕೃಷ್ಣನನ್ನೇ ಅಂಗಡಿಯಲ್ಲಿ ಕೂಡಿಸಿ ಅಲಂಕರಿಸುವುದುಂಟು. ನಮ್ಮ ಶೆಟ್ಟರಂಗಡಿ ಪೆಟ್ಟಿಗೆ ಸೇರಿದ ಕೆಲವೇ ದಿನಗಳಲ್ಲಿ ಪಕ್ಕದ ಮನೆಯಲ್ಲಿ ಇನ್ನೊಂದು ಗೊಂಬೆಯಂಗಡಿ ತೆರೆಯುತ್ತದೆ. ನಮ್ಮ ಕೊಸರಿಗೆ ಅವರದು ಝೂಂಗಾ, ನಮ್ಮ ಬೋಣಿಗೆ ಅವರದು ಬೋಹನಿ. ಕಾನೂನು ಬಂದು ಅರವತ್ತು ವರ್ಷ ಮೀರಿದರೂ ಇಲ್ಲಿನ ತರಕಾರಿ ಗಾಡಿಯವನು 250 ಗ್ರಾಮಿಗೆ ‘ಪಾವ್’ ಎನ್ನುವುದನ್ನು ಬಿಟ್ಟಿಲ್ಲ. ಅದು ನಮ್ಮ ಪಾವಿನ ಒಡಹುಟ್ಟೇ ಸರಿ.

ಕಿರಿದರಲ್ಲಿ ಹಿರಿದನ್ನು ಕಾಣುವ ಈ ಆಸೆ ಎಲ್ಲ ದೇಶಗಳದು. ಹೊಸದೆಹಲಿಯನ್ನು ರೂಪಿಸಿದ ಎಡ್ವಿನ್ ಲುಟ್ಯೆನ್ಸ್, ಈ ನಗರದ ಕೆಲಸ ನಡೆಯುತ್ತಿದ್ದಾಗಲೇ, 1921ರಿಂದ 1924ರವರೆಗೆ ಇಂಗ್ಲೆಂಡಿನ ರಾಣಿ ಮೇರಿಗಾಗಿ ಒಂದು ಗೊಂಬೆಮನೆಯನ್ನು ಕಟ್ಟಿಸಿದನು. ಅಡಿಗೆ ಒಂದು ಅಂಗುಲದ ಲೆಕ್ಕ. ನಲ್ಲಿಯಲ್ಲಿ ನೀರು, ಕೋಣೆಗಳಲ್ಲಿ ವಿದ್ಯುದ್ದೀಪ, ಏರಿಳಿಯುವ ಲಿಫ್ಟು ಎಲ್ಲವೂ ಉಂಟು. ಅದು ಇಂದಿಗೂ ವಿಂಡ್ಸರ್ ಕೋಟೆಯಲ್ಲಿದೆ. ರಾಣಿಯ ಮನೆಯಲ್ಲಿ ಅಳತೆ ನಿಜ. ನಮ್ಮ ಶೆಟ್ಟರ ಅಂಗಡಿಯಲ್ಲಿ ಸರಕು ನಿಜ. ಅಲ್ಲಿ ಮಕ್ಕಳು ಮುಟ್ಟುವಂತಿಲ್ಲ, ಇಲ್ಲಿ ಮುಟ್ಟದಿದ್ದರೆ ವ್ಯಾಪಾರವೇ ಇಲ್ಲ.

ಅದೇ ಅಂಗುಲದ ಲೆಕ್ಕವನ್ನು ಎರವಲು ಪಡೆದು ಯಾರು ಬೇಕಾದರೂ ಶೆಟ್ಟರಂಗಡಿಯನ್ನು ಕಟ್ಟಬಹುದು. ಅಜ್ಮಲ್ ಖಾನ್ ರಸ್ತೆಯ ಆ ಗೂಡಂಗಡಿ ಈ ಲೆಕ್ಕದಲ್ಲಿ 14 ಅಂಗುಲಕ್ಕೆ 9 ಅಂಗುಲ. ದೊಡ್ಡ ಬೂಟಿನ ರಟ್ಟಿನ ಪೆಟ್ಟಿಗೆಯೊಂದು ಸಾಕು. ಅದನ್ನು ಅಡ್ಡಲಾಗಿ ಮಲಗಿಸಿದರೆ ಗೋಡೆ, ಮಾಡು ಸಿದ್ಧ. ಹನ್ನೆರಡು ಬೆಂಕಿಪೊಟ್ಟಣಗಳನ್ನು ಅಂಟಿಸಿದರೆ ಎಳೆದು ತೆಗೆಯುವ ಖಾನೆಗಳಾಗುತ್ತವೆ. ಅಂಟಿಗೆ ಮೈದಾ ಹಿಟ್ಟಿನ ಸರಿ ಸಾಕು. ಕಿನ್ನಾಳದ ಚಿತ್ರಗಾರರು ಬಳಸುವ ಹುಣಸೆಬೀಜದ ಅಂಟಾದರೆ ಇನ್ನೂ ಗಟ್ಟಿ. ಸೋಡಾ ಬಾಟಲಿಯ ಎರಡು ಮುಚ್ಚಳ, ದಾರ, ಒಂದು ಪೊರಕೆಕಡ್ಡಿ ಸೇರಿದರೆ ತಕ್ಕಡಿ. ಮುಚ್ಚಳದ ಅಗಲ ಒಂದಂಗುಲದ ಸುಮಾರಾದುದರಿಂದ ಅದು ಒಂದಡಿಯ ತಟ್ಟೆಗೆ ಸರಿಹೋಗುತ್ತದೆ. ಐಸ್‌ಕ್ರೀಂ ಕಡ್ಡಿಗಳಿಗೆ 1, 2, 3 ಎಂದು ಅಂಕಿ ಬರೆದು ನಿಲ್ಲಿಸಿದರೆ, ಹಿಂದಿನ ಕಾಲದ ಅಂಗಡಿಗಳ ಹಲಗೆಬಾಗಿಲು. ಗೋಣಿತಾಟಿನ ತುಂಡುಗಳು ಮೂಟೆಗಳು. ಕಾಗದವನ್ನು ನೆನೆಸಿ ರುಬ್ಬಿ, ಮೆಂತ್ಯದ ಹಿಟ್ಟು ಕಲಸಿದ ಮುದ್ದೆಯಿಂದ ಶೆಟ್ಟರು, ಶೆಟ್ಟಮ್ಮನವರು. ಹೊಟ್ಟೆಗೆ ಮಾತ್ರ ಮುದ್ದೆಯನ್ನು ಉದಾರವಾಗಿ ಬಳಸಬೇಕು.

ಸರಕು ಕೂಡ ಅಳತೆಗೆ ಸರಿಯಾಗಿರಲಿ ಎನ್ನುವವರು ಅಡಿಗೆಮನೆಯ ಡಬ್ಬಿಗಳನ್ನು ತೆರೆದು ನೋಡಲಿ. ರವೆಯ ಕಾಳು ಅಲ್ಲಿ ಅಕ್ಕಿಯಾಗುತ್ತದೆ, ಅರಿಸಿನ ಬೆರೆಸಿದರೆ ತೊಗರಿಬೇಳೆ. ಗಸಗಸೆ ಕಡಲೆಕಾಳು. ರಾಗಿ ಅಡಿಕೆ. ಕರಿಮೆಣಸು ಕೊಬ್ಬರಿಯ ಗಿಟುಕು. ರಾಗಿಯನ್ನು ಕಾಣದ ದೆಹಲಿಯ ಮಕ್ಕಳಿಗೆ ಅದರ ಹೆಸರು, ಬಣ್ಣಗಳಾದರೂ ಹೀಗೆ ತಿಳಿಯಲಿ.

ಪೇಟೆಯಲ್ಲಿ ಪ್ಲಾಸ್ಟಿಕ್ಕಿನ ಸಿದ್ಧ ಅಂಗಡಿಗಳು ದೊರೆಯುತ್ತವಲ್ಲ, ಇಷ್ಟೆಲ್ಲ ಶ್ರಮವೇಕೆ ಎಂದು ಕೇಳಬಹುದು. ಈಗ ಮೊಬೈಲಿನಲ್ಲಿ ಬೆರಳಿಟ್ಟರೆ ದಿನಸಿ ಬಾಗಿಲಿಗೆ ಬರುತ್ತದೆ. ಬೋಣಿಯಿಲ್ಲ, ತಕ್ಕಡಿಯಿಲ್ಲ, ಕೊಸರಂತೂ ಇಲ್ಲವೇ ಇಲ್ಲ. ಊರಿನಲ್ಲಿರುವ ಮಕ್ಕಳಿಗೆ ಬೀದಿಯಲ್ಲಾದರೂ ಈ ಮಾತುಗಳು ಕಿವಿಗೆ ಬೀಳುತ್ತವೆ. ನಮ್ಮ ಮಕ್ಕಳಿಗೆ ಬೀದಿ ಹಿಂದಿಯದು, ಶಾಲೆ ಇಂಗ್ಲಿಷಿನದು. ಕನ್ನಡಕ್ಕೆ ಉಳಿದಿರುವುದು ಮನೆಯೊಂದೇ. ಮನೆಯ ಕನ್ನಡವೋ ಊಟ, ಸ್ನಾನ, ನಿದ್ದೆಗಳಲ್ಲಿಯೇ ಮುಗಿದುಹೋಗುತ್ತದೆ. ಕೊಡುವುದು, ಕೊಳ್ಳುವುದು, ಎಣಿಸುವುದು, ಚೌಕಾಶಿ ಮಾಡುವುದು ಇವೆಲ್ಲ ಬೇರೆ ಭಾಷೆಗೆ ಹೋಗಿಬಿಟ್ಟರೆ ಉಳಿಯುವ ಕನ್ನಡ ಎಷ್ಟು? ಸಿದ್ಧ ಅಂಗಡಿ ಪೆಟ್ಟಿಗೆಯಿಂದ ಹೊರಬಂದು ಸುಮ್ಮನೆ ಕೂರುತ್ತದೆ. ಕೈಯಿಂದ ಕಟ್ಟುವ ಅಂಗಡಿಗೆ ಒಂದು ವಾರ ಬೇಕು. ಆ ವಾರವೆಲ್ಲ ಅಂಟು ಎಲ್ಲಿ, ಖಾನೆ ಎಷ್ಟು, ಮೂಟೆಯಲ್ಲಿ ಏನು ಎಂದು ಮನೆಮಂದಿ ಮಾತನಾಡಲೇಬೇಕು.

ಆದ್ದರಿಂದ ಬರುವ ನವರಾತ್ರಿಗೆ ಮನೆಗೊಂದು ಶೆಟ್ಟರಂಗಡಿ ಏಳಲಿ ಎಂಬುದು ನಮ್ಮ ವಿಜ್ಞಾಪನೆ. ಮಕ್ಕಳೇ ಶೆಟ್ಟರಾಗಲಿ, ಹಿರಿಯರು ಗಿರಾಕಿಗಳಾಗಿ ಹೋಗಲಿ. ನೆರೆಯ ಪಂಜಾಬಿ ಮಕ್ಕಳನ್ನೂ ಕರೆಯೋಣ. ದೀಪಾವಳಿಗೆ ಅವರ ಹಟ್ರಿಯಲ್ಲಿ ನಮ್ಮವರಿಗೂ ಬತ್ತಾಸು ಸಿಕ್ಕೀತು. ಒಂದು ನಿಯಮ ಮಾತ್ರ ಇರಲಿ: ಆ ಅಂಗಡಿಯಲ್ಲಿ ವ್ಯಾಪಾರ ಕನ್ನಡದಲ್ಲಿ, ಪ್ರತಿ ಪೊಟ್ಟಣಕ್ಕೂ ಕೊಸರು ಉಂಟು.